ಆಟಗಾರನ ಬುದ್ಧಿಯೂ ಪರೀಕ್ಷೆಯ ಅಂಕವೂ

ಆಟವನ್ನೇ ವೃತ್ತಿಯಾಗಿ ಹಿಡಿಯಬಯಸುವ ತರುಣನ ಓಟವನ್ನೂ ನೆಗೆತವನ್ನೂ ತೋಳ್ಬಲವನ್ನೂ ಅಳೆಯುವುದು ಸಹಜವೇ ಸರಿ. ಅವನ ಬುದ್ಧಿಯನ್ನೂ ಅಳೆದು ಅಂಕವಿಡುವ ಪದ್ಧತಿಯೊಂದು ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗಿನಲ್ಲಿ ದಶಕಗಳ ಕಾಲ ನಡೆದು, 2022ರಲ್ಲಿ ನಿಂತುಹೋಯಿತು. ಅಲ್ಲಿನ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ; ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೊಂದು ಆಟ. ಆದರೆ ಪರೀಕ್ಷೆಯ ಪ್ರಶ್ನೆ ನಮಗೂ ಸಂಬಂಧಿಸಿದುದು.

ವಂಡರ್ಲಿಕ್ ಎಂಬ ಆ ಪರೀಕ್ಷೆಯಲ್ಲಿ 50 ಪ್ರಶ್ನೆಗಳು. ಕಾಲ 12 ನಿಮಿಷ. ಎಂದರೆ ಪ್ರಶ್ನೆಯೊಂದಕ್ಕೆ 15 ಸೆಕೆಂಡುಗಳೂ ಇಲ್ಲ. ಶಬ್ದಾರ್ಥ, ಲೆಕ್ಕ, ತರ್ಕ ಇವೇ ವಿಷಯಗಳು. ಸರಿಯುತ್ತರಗಳ ಎಣಿಕೆಯೇ ಅಂಕ. ಹಾಗಾದರೆ ಇಲ್ಲಿ ಅಳೆಯಲ್ಪಟ್ಟುದು ಯಾವುದು? ತರ್ಕಶಕ್ತಿ ಅಹುದು, ಅದರೊಡನೆ ಓದಿನ ವೇಗ, ಇಂಗ್ಲಿಷ್ ಭಾಷೆಯ ಪರಿಚಯ, ಇಂಥ ಪರೀಕ್ಷೆಗೆ ಕುಳಿತ ಅಭ್ಯಾಸ ಇವೂ ಬೆರೆತಿವೆ.

ಬುದ್ಧಿಮಾಪನದ ಮೂಲೋದ್ದೇಶ ಬೇರೆಯೇ ಆಗಿತ್ತು. 1905ರಲ್ಲಿ ಪ್ಯಾರಿಸಿನ ಬಿನೆ ಮತ್ತು ಸಿಮೋನರು ಮೊದಲ ಮಾಪನವನ್ನು ರಚಿಸಿದುದು, ಪಾಠದಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ವಿಶೇಷ ಸಹಾಯ ಕೊಡುವುದಕ್ಕಾಗಿ. ಯಾರನ್ನೂ ಹೊರಗಿಡುವುದಕ್ಕಾಗಿ ಅಲ್ಲ. ಮೈಸೂರಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಸ್ಥಾಪಿಸಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಶಿಕ್ಷಣ ಪಡೆದವರು. ಪಾಶ್ಚಾತ್ಯ ಪರೀಕ್ಷೆಗಳನ್ನು ನಮ್ಮವರಿಗೆ ಹೊಂದಿಸಲು ಶ್ರಮಿಸಿದವರು. ಮೈಸೂರಿನ ಆಕಾಶವಾಣಿಯನ್ನು 1935ರಲ್ಲಿ ಆರಂಭಿಸಿದವರೂ ಅವರೇ. ಧಾರವಾಡ ಸೀಮೆಯಲ್ಲಿ ವಿ. ವಿ. ಕಾಮತರು ಬಿನೆಯ ಮಾಪನವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಪ್ಪುವಂತೆ ಪರಿಷ್ಕರಿಸಿ, 1940ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು.

ಈ ಶ್ರಮವೇಕೆ? ಭಾಷಾಂತರವೊಂದೇ ಸಾಲದೆ? ಸಾತನೂರಿನ ಕಡೆಯ ರೇಷ್ಮೆ ಬೆಳೆಯುವ ಮನೆಯ ಹುಡುಗನೊಬ್ಬನನ್ನು ಊಹಿಸಿಕೊಳ್ಳಿರಿ. ಹುಳು ಯಾವಾಗ ಜ್ವರಕ್ಕೆ ಕುಳಿತಿತು, ಸೊಪ್ಪನ್ನು ಯಾವಾಗ ನಿಲ್ಲಿಸಬೇಕು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಯಾವಾಗ ಬಿಡಬೇಕು ಎಂಬುದನ್ನು ಅವನು ನೋಡಿದೊಡನೆ ನಿರ್ಣಯಿಸುತ್ತಾನೆ. ಅದೂ ವಿವೇಚನೆಯೇ. ಇಂಗ್ಲಿಷಿನ ಪ್ರಶ್ನಪತ್ರಿಕೆಯನ್ನು 12 ನಿಮಿಷ ಅವನ ಮುಂದಿಟ್ಟರೆ ಅದರ ಸುಳಿವೂ ಸಿಕ್ಕದು. ಬಂದ ಕಡಮೆ ಅಂಕ ಅವನ ಬುದ್ಧಿಯ ಕೊರತೆಯನ್ನು ಸೂಚಿಸುತ್ತದೆಯೋ, ಅಳತೆಗೋಲಿನ ಕೊರತೆಯನ್ನೋ ಎಂಬುದನ್ನು ಆ ಅಂಕವೇ ಹೇಳಲಾರದು.

ಇನ್ನು ಅಂಕಕ್ಕೂ ಆಟಕ್ಕೂ ಇರುವ ಸಂಬಂಧ. 1975ರಲ್ಲಿ ಹಾರ್ವರ್ಡಿನ ಪ್ಯಾಟ್ ಮ್ಯಾಕಿನಲಿ ಪೂರ್ಣ 50 ಅಂಕಗಳನ್ನು ಪಡೆದರೂ ಆಯ್ಕೆಯಾದುದು ಐದನೆಯ ಸುತ್ತಿನಲ್ಲಿ. 2009ರಲ್ಲಿ ಲಯನ್ಸ್, ಹಾಫ್‌ಮನ್ ಮತ್ತು ಮಿಷೆಲ್ ಎಂಬ ಸಂಶೋಧಕರು ನೂರಾರು ಆಟಗಾರರ ಅಂಕಗಳನ್ನು ಅವರ ಮುಂದಿನ ಆಟದೊಡನೆ ಹೋಲಿಸಿದಾಗ, ಇವೆರಡಕ್ಕೂ ಹೇಳತಕ್ಕ ಸಂಬಂಧವು ಕಂಡುಬರಲಿಲ್ಲ. ಮೈದಾನದಲ್ಲಿ ಎದುರಾಳಿಯ ಚಲನೆಯನ್ನು ಕಣ್ಣಿಂದ ಗ್ರಹಿಸಿ ಕ್ಷಣದಲ್ಲಿ ನಿರ್ಧರಿಸುವುದು ಒಂದು. ಅಚ್ಚಾದ ವಾಕ್ಯವನ್ನು ಓದಿ ಉತ್ತರಿಸುವುದು ಮತ್ತೊಂದು.

ಪರೀಕ್ಷೆಗಳು ನಿರರ್ಥಕವೆಂದು ಇದರ ಅರ್ಥವಲ್ಲ. ಸಮಾನ ಭಾಷೆ, ಸಮಾನ ಶಿಕ್ಷಣ ಉಳ್ಳವರಲ್ಲಿ, ತಕ್ಕ ಕೆಲಸಕ್ಕಾಗಿ ಬಳಸಿದಲ್ಲಿ ಅವು ನೆರವಾಗುತ್ತವೆ. ಆದುದರಿಂದ ಅಂಕವನ್ನು ಕಂಡಾಗ ಮೂರು ಮಾತು ಕೇಳತಕ್ಕದ್ದು: ಯಾರೊಡನೆ ಹೋಲಿಸಿದ ಅಂಕ? ಯಾವ ಭಾಷೆಯಲ್ಲಿ ಪಡೆದುದು? ಯಾವ ಕೆಲಸಕ್ಕಾಗಿ? ಇವಕ್ಕೆ ಉತ್ತರ ದೊರೆಯುವ ಮೊದಲೇ ಒಬ್ಬ ತರುಣನ ಜೀವನಮಾರ್ಗವನ್ನು ತೀರ್ಮಾನಿಸುವುದು ನ್ಯಾಯವಲ್ಲ.