ನಿಮ್ಮ ಕಾದಂಬರಿ ಎಲ್ಲಿಗೆ ಬಂತು?

ನಿಮ್ಮ ಬೀರುವಿನ ಸೀರೆಗಳ ಕೆಳಗೋ, ಅಕ್ಕಿ ಡಬ್ಬದ ಹಿಂದೆಯೋ ಒಂದು ನೋಟ್‌ಬುಕ್ ಇದೆಯೇ? ಮೊದಲ ಹತ್ತು ಪುಟ ದುಂಡಾದ ಅಕ್ಷರ, ಮುಂದಿನ ಐದು ಪುಟ ಅವಸರದ ಗೀಚು, ಆಮೇಲೆ ಬರೀ ಖಾಲಿ ಹಾಳೆ? ಹಾಗಿದ್ದರೆ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಬಹುದು.

ನಾನು ಚಂದಕವಾಡಿಯಲ್ಲಿ ಹೆಣ್ಣು ಮಕ್ಕಳಿಗೆ ಮದ್ರಸ ಪಾಠ ಹೇಳಿಕೊಡುವವಳು. ನನ್ನ ಕಾದಂಬರಿಯ ನಾಯಕಿ ಚಾಮರಾಜನಗರದ ಬಸ್ಸಿಗಾಗಿ ನಮ್ಮೂರ ನಿಲ್ದಾಣದಲ್ಲಿ ನಿಂತು 14 ತಿಂಗಳಾಗಿತ್ತು. ಬಸ್ಸು ಬಾರದೆ ಅಲ್ಲ. ಅವಳನ್ನು ಹತ್ತಿಸಬೇಕಾದವಳಿಗೆ ಪುರುಸೊತ್ತು ಸಿಗದೆ. ಬೆಳಿಗ್ಗೆ ಮಕ್ಕಳ ಟಿಫಿನ್, ಅತ್ತೆಯವರ ಮಾತ್ರೆ, ಸಂಜೆ ಪಾಠ, ನಡುವೆ ಮದುವೆ, ಬಾಣಂತನ, ಅರಿಸಿನ ಬೇಯಿಸುವ ಕಾಲದಲ್ಲಿ ಹೊಲದಿಂದ ಬರುವವರ ಊಟ. ಇದನ್ನೆಲ್ಲ ನಿಮಗೆ ವಿವರಿಸಬೇಕಾಗಿಲ್ಲ.

ಆದರೆ ಒಂದು ವಿಷಯ ಗಮನಿಸಿದ್ದೀರಾ? ಅದೇ ಮನೆಯಲ್ಲಿ ನಾವು ಹೊಲಿಗೆ ಯಂತ್ರದ ಮುಂದೆ ಕುಳಿತರೆ ಯಾರೂ ಅಷ್ಟಾಗಿ ಕರೆಯುವುದಿಲ್ಲ. "ಅಮ್ಮಿ ಹೊಲೀತಿದ್ದಾರೆ, ಇರು" ಎಂದು ದೊಡ್ಡವನು ಚಿಕ್ಕವನನ್ನು ತಡೆಯುತ್ತಾನೆ. ಪೆನ್ನು ಹಿಡಿದು ಕುಳಿತರೋ, "ಸುಮ್ನೆ ಕೂತಿದ್ದೀಯಲ್ಲ, ಒಂದ್ ಲೋಟ ಟೀ ಕೊಡು" ಎಂಬ ಮಾತು ಬರುತ್ತದೆ. ಹೊಲಿಗೆಗೆ ಮನೆಯಲ್ಲಿ ಒಂದು ಹೆಸರಿದೆ. ನಮ್ಮ ಬರವಣಿಗೆಗೆ ಹೆಸರೇ ಇಲ್ಲ. ತಪ್ಪು ಅವರದೇ ಎಂದು ನಾನೂ ಬಹಳ ಕಾಲ ನಂಬಿದ್ದೆ.

ಮೂರು ವರ್ಷದ ಹಿಂದಿನ ಮಾತು. ಯಾರ ಕಣ್ಣಿಗೂ ಬೀಳದಿರಲೆಂದು ನನ್ನ ಎರಡನೇ ನೋಟ್‌ಬುಕ್ಕನ್ನು ಮಗಳ ಹಳೆಯ ಪುಸ್ತಕಗಳ ನಡುವೆ ಸೇರಿಸಿಟ್ಟಿದ್ದೆ. ಪರೀಕ್ಷೆ ಮುಗಿದ ವಾರ ಅವಳು ಆ ಕಟ್ಟನ್ನು ಹಾಗೆಯೇ ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಿದಳು. ಬಂದ ದುಡ್ಡನ್ನು ತಂದು ನನ್ನ ಕೈಗೇ ಕೊಟ್ಟಳು, ಪಾಪ! ಅದರಲ್ಲಿ 40 ಪುಟ ಇತ್ತು. ನಾನು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಲು ಕುಳಿತೆ, ಕಣ್ಣೀರಿಗೆ ಒಂದು ನೆಪ ಬೇಕಿತ್ತು. ಮಗಳನ್ನು ಬಯ್ಯುವುದು ಹೇಗೆ? ಅಲ್ಲಿ ಅಮ್ಮಿಯ ಕಾದಂಬರಿ ಇದೆಯೆಂದು ಅವಳಿಗೆ ಹೇಳಿದವರು ಯಾರು?

ಆ ದಿನಗಳಲ್ಲಿ ನನಗೆ ಆಸರೆಯಾದದ್ದು ಸಾರಾ ಅಬೂಬಕ್ಕರ್ ಅವರ ಬದುಕು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು. ಮುಸ್ಲಿಮ್ ಹೆಣ್ಣು ಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಅವರು ಕನ್ನಡ ಮಾಧ್ಯಮದಲ್ಲಿ ಹೈಸ್ಕೂಲು ಓದಿದರು. ಆಮೇಲೆ ಮದುವೆ, ನಾಲ್ಕು ಗಂಡು ಮಕ್ಕಳು. ಅವರ ಬರಹ ಅಚ್ಚಿನಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ವಯಸ್ಸು ನಲವತ್ತು ದಾಟಿತ್ತು. 'ಚಂದ್ರಗಿರಿಯ ತೀರದಲ್ಲಿ' 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, ಆಮೇಲೆ ಪುಸ್ತಕವಾಯಿತು. 1994ರಲ್ಲಿ ಚಂದ್ರಗಿರಿ ಪ್ರಕಾಶನವನ್ನೂ ಶುರುಮಾಡಿದರು. 2023ರ ಜನವರಿಯಲ್ಲಿ ತೀರಿಕೊಳ್ಳುವ ವೇಳೆಗೆ ಅವರ ಹೆಸರಿನಲ್ಲಿ ಹಲವು ಕಾದಂಬರಿ, ಕಥೆ, ಅನುವಾದಗಳಿದ್ದವು. ಅವರ ಅಭಿಪ್ರಾಯಗಳನ್ನೆಲ್ಲ ನಾವು ಒಪ್ಪಬೇಕೆಂದಿಲ್ಲ, ಒಪ್ಪದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ನಲವತ್ತರ ನಂತರ ಹೊಸದಾಗಿ ಆರಂಭಿಸಬಹುದೇ ಎಂಬ ಪ್ರಶ್ನೆಗೆ ನಮ್ಮದೇ ಭಾಷೆಯ, ನಮ್ಮದೇ ಸಮುದಾಯದ ಉತ್ತರ ಅವರು. ಎಂ.ಕೆ. ಇಂದಿರಾ ಕೂಡ ಕಾದಂಬರಿಗೆ ಕೈ ಹಾಕಿದ್ದು 45ರ ಹೊತ್ತಿಗೆ. ಹನ್ನೆರಡರ ವಯಸ್ಸಿಗೇ ಮದುವೆಯಾಗಿದ್ದವರು. ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ. ಇನ್ನು ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನೀವೂ ಟಿವಿ ನೋಡಿ ಹಿಗ್ಗಿರುತ್ತೀರಿ. ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ಆ ಪುಸ್ತಕದಲ್ಲಿರುವುದು 12 ಕಥೆ. ಅವುಗಳನ್ನು ಬರೆದ ಅವಧಿ 1990ರಿಂದ 2023ರವರೆಗೆ, ಅಂದರೆ 33 ವರ್ಷ. ಈ ಲೆಕ್ಕ ನೋಡಿದ ಮೇಲೆ ನನ್ನ 14 ತಿಂಗಳ ಬಗ್ಗೆ ನನಗಿದ್ದ ನಾಚಿಕೆ ಸ್ವಲ್ಪ ಕಡಿಮೆಯಾಯಿತು.

ಈಗ ಕೆಲಸದ ಮಾತಿಗೆ ಬರೋಣ. ನಾವು ಮಾಡುವ ದೊಡ್ಡ ತಪ್ಪು ಯಾವುದು ಗೊತ್ತೇ? ಹದಿನೈದು ದಿನ ಬಿಟ್ಟು ಕುಳಿತಾಗ ಮೊದಲ ಪುಟದಿಂದ ಓದಲು ಶುರು ಮಾಡುವುದು. ಓದಿದರೆ ತಿದ್ದಬೇಕೆನಿಸುತ್ತದೆ, ತಿದ್ದುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ. ಹೀಗೆ ನನ್ನ ಮೊದಲ ಅಧ್ಯಾಯ ಒಂಬತ್ತು ಸಲ ಹುಟ್ಟಿತು, ನಾಲ್ಕನೆಯದು ಒಮ್ಮೆಯೂ ಹುಟ್ಟಲಿಲ್ಲ. ಈಗ ನಾನು ಹಿಂದಿನ ಒಂದೇ ಪುಟ ಓದುತ್ತೇನೆ, ಅದಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ. ಯಾರಾದರೂ ಕರೆದಾಗ ವಾಕ್ಯವನ್ನು ಪೂರ್ತಿ ಮಾಡಿ ಏಳುವುದೂ ಇಲ್ಲ, ಅರ್ಧಕ್ಕೇ ಬಿಡುತ್ತೇನೆ. ಆ ಅರ್ಧ ವಾಕ್ಯ ಪಾತ್ರೆ ತೊಳೆಯುವಾಗಲೂ ತಲೆಯಲ್ಲಿ ಸುತ್ತುತ್ತಿರುತ್ತದೆ. ಮರುದಿನ ಎಲ್ಲಿಂದ ಶುರು ಮಾಡಬೇಕೆಂದು ಹುಡುಕಬೇಕಾಗಿಲ್ಲ.

ದಿನಕ್ಕೆ 100 ಪದ ಸಾಕು. ನಾಗರೆ ಹಾಳೆಯಲ್ಲಿ ಒಂದು ಪುಟವೂ ಆಗದು. ರಮಝಾನ್, ಮದುವೆ, ಕಾಯಿಲೆ ಎಂದು ವರ್ಷದಲ್ಲಿ ಎರಡು ತಿಂಗಳು ಬಿಟ್ಟರೂ 300 ದಿನಕ್ಕೆ 30,000 ಪದ. ಅದು ಒಂದು ಚಿಕ್ಕ ಕಾದಂಬರಿ. 'ಚಂದ್ರಗಿರಿಯ ತೀರದಲ್ಲಿ' ಕೂಡ ದಪ್ಪ ಪುಸ್ತಕವೇನಲ್ಲ.

ಮದ್ರಸದಲ್ಲಿ ಓದುವಾಗ ಕೇಳಿದ ಒಂದು ಸಂಗತಿ ಈಗ ಉಪಯೋಗಕ್ಕೆ ಬಂದಿದೆ. ಬಗ್ದಾದಿನ ವಿದ್ವಾಂಸ ಇಬ್ನುಲ್ ಜೌಝಿಯವರಿಗೂ (ಮರಣ ಕ್ರಿ.ಶ. 1201) ಹರಟೆಗೆ ಬರುವ ಅತಿಥಿಗಳ ಕಾಟವಿತ್ತು. ಬಂದವರನ್ನು ಕಳಿಸುವಂತಿಲ್ಲ, ಸಮಯ ಕಳೆಯಲೂ ಮನಸ್ಸಿಲ್ಲ. ಅವರು ಏನು ಮಾಡುತ್ತಿದ್ದರು? ಕಾಗದ ಕತ್ತರಿಸುವುದು, ಲೇಖನಿ ಚೂಪು ಮಾಡುವುದು, ಪುಸ್ತಕದ ಹಾಳೆಗಳನ್ನು ಕಟ್ಟುವುದು, ಹೀಗೆ ಬುದ್ಧಿ ಬೇಡದ ಕೆಲಸಗಳನ್ನೆಲ್ಲ ಅತಿಥಿಗಳು ಬರುವ ಹೊತ್ತಿಗೆಂದೇ ತೆಗೆದಿಡುತ್ತಿದ್ದರಂತೆ. ನಾವೂ ಅದನ್ನೇ ಮಾಡಬಹುದು. ಗಲಾಟೆಯ ಹೊತ್ತಿಗೆ ಪುಟ ಸಂಖ್ಯೆ ಹಾಕುವುದು, ಶುದ್ಧಪ್ರತಿ ಮಾಡುವುದು. ಹೊಸ ವಾಕ್ಯಕ್ಕೆ ಫಜ್ರ್ ನಮಾಝಿನ ನಂತರದ ಅರ್ಧ ಗಂಟೆ. ಅಮೆರಿಕದ ಟೋನಿ ಮಾರಿಸನ್ ಕೂಡ ಇಬ್ಬರು ಪುಟ್ಟ ಗಂಡು ಮಕ್ಕಳು ಏಳುವ ಮುಂಚೆ, ನಸುಕಿನಲ್ಲಿ ಬರೆಯುತ್ತಿದ್ದರು. ಆಗ ಅವರಿಗೆ ಹೊರಗಿನ ಉದ್ಯೋಗವೂ ಇತ್ತು. ಹಾಗೆ ಬರೆದ ಮೊದಲ ಕಾದಂಬರಿ 1970ರಲ್ಲಿ ಬಂತು, 1993ರಲ್ಲಿ ನೊಬೆಲ್. ನೊಬೆಲ್ ಇರಲಿ, ನಮಗೆ ನಾಲ್ಕನೇ ಅಧ್ಯಾಯ ಮುಗಿದರೆ ಸಾಕು!

ಆದರೆ ಈ ಯಾವ ಉಪಾಯವೂ, ಮನೆಯವರಿಗೆ ಹೇಳುವ ತನಕ ನನಗೆ ಪೂರ್ತಿ ಫಲ ಕೊಡಲಿಲ್ಲ. ಒಂದು ರಾತ್ರಿ ಊಟದ ದಸ್ತರ್‌ಖಾನ್ ಮೇಲೆ ಹೇಳಿಯೇಬಿಟ್ಟೆ: "ನಾನು ಕಾದಂಬರಿ ಬರೀತಿದ್ದೀನಿ." ಎದೆ ಹೊಡೆದುಕೊಳ್ಳುತ್ತಿತ್ತು, ಕಳ್ಳತನ ಒಪ್ಪಿಕೊಂಡಂತೆ. ಮನೆಯವರು "ಎಷ್ಟು ಪುಟ ಆಯ್ತು?" ಎಂದರು. ಚಿಕ್ಕವನು "ಅದ್ರಲ್ಲಿ ನಾನಿದ್ದೀನಾ?" ಎಂದ. ಮಗಳು ಮಾತಾಡಲಿಲ್ಲ. ಬಹಳ ಹೊತ್ತಿನ ಮೇಲೆ, "ಅವತ್ತು ಹಾಕಿದ್ದರಲ್ಲಿ ಅದೂ ಇತ್ತಾ ಅಮ್ಮಿ?" ಎಂದು ಕೇಳಿದಳು. ಇಲ್ಲ ಎಂದು ಸುಳ್ಳು ಹೇಳಲು ನಾಲಿಗೆ ಬರಲಿಲ್ಲ.

ಅತ್ತೆಯವರದು ಬೇರೆಯೇ ಆತಂಕ. "ಮನೆ ವಿಷಯ ಬೀದೀಲಿ ಹಾಕ್ತೀಯಾ?" ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಬರುತ್ತದೆ. ಕೋಪ ಮಾಡಿಕೊಳ್ಳಬೇಡಿ, ಅದು ನ್ಯಾಯವಾದ ಪ್ರಶ್ನೆಯೇ. ನಾನು ವಾದಿಸದೆ, ಮಧ್ಯಾಹ್ನ ಅವರ ಕಾಲಿಗೆ ಎಣ್ಣೆ ಹಚ್ಚುತ್ತಾ ಎರಡು ಪುಟ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು, ನಿದ್ದೆ ಬಂತೇನೋ ಎಂದುಕೊಂಡೆ. "ಆ ಹುಡುಗಿ ಇನ್ನೂ ಯಾಕೆ ಅಲ್ಲೇ ನಿಂತಿದ್ದಾಳೆ?" ಎಂದರು.

ಈಗ ಅವಳು ಬಸ್ಸು ಹತ್ತಿದ್ದಾಳೆ. ಆದರೆ ಕಥೆ ನಡೆಯುವುದು 1994ರಲ್ಲಿ, ಚಾಮರಾಜನಗರ ಇನ್ನೂ ಜಿಲ್ಲೆಯಾಗದಿದ್ದ ಕಾಲದಲ್ಲಿ. ಈಗಿನಂತೆ ಹೆಂಗಸರಿಗೆ ಉಚಿತ ಪ್ರಯಾಣವಲ್ಲ, ಕಂಡಕ್ಟರ್ ಕೈ ಚಾಚಿದ್ದಾನೆ. ಆಗ ಚಾರ್ಜು ಎಷ್ಟಿತ್ತೆಂದು ಅತ್ತೆಯವರನ್ನು ಕೇಳಿದೆ. ಅವರು ಒಂದು ಹೇಳಿದರು. ಬಾಗಿಲಲ್ಲಿ ಕುಳಿತಿದ್ದ ಪಕ್ಕದ ಮನೆಯ ಅಜ್ಜಿ, "ಅಯ್ಯೋ, ಅಷ್ಟೆಲ್ಲಾ ಇರ್ನಿಲ್ಲ ಕಣವ್ವಾ" ಎಂದರು. ಇಬ್ಬರೂ ಅಸರ್ ಬಾಂಗ್ ಆಗುವವರೆಗೆ ವಾದ ಮಾಡಿದರು. ಆ ದಿನ ನನಗೆ ನಾಲ್ಕೇ ಸಾಲು ಬರೆಯಲಾಯಿತು. ಚಾರ್ಜಿನ ಜಾಗ ಖಾಲಿ ಬಿಟ್ಟಿದ್ದೇನೆ.