ಹೊರಹೋಗುವ ಇ-ಮೇಲ್‌ಗಳ ಶೋಧನೆ

ಅಂತರಜಾಲ ಸೇವೆ ಒದಗಿಸುವ ಸಂಸ್ಥೆಯು ತನ್ನ ಗ್ರಾಹಕರು ಕಳುಹಿಸುವ ಇ-ಮೇಲ್‌ಗಳನ್ನು, ಅವು ತನ್ನ ಜಾಲವನ್ನು ದಾಟುವ ಮೊದಲೇ ಪರಿಶೀಲಿಸಿ ತಡೆಯುವ, ಬೇರೆಡೆಗೆ ತಿರುಗಿಸುವ ಅಥವಾ ಅಳಿಸಿಹಾಕುವ ಕ್ರಮವನ್ನು ಹೊರಹೋಗುವ ಇ-ಮೇಲ್‌ಗಳ ಶೋಧನೆ ಎನ್ನುತ್ತಾರೆ. ಒಳಬರುವ ಅಂಚೆಯ ಶೋಧನೆ ಎಲ್ಲರಿಗೂ ಪರಿಚಿತವಾದುದು. ತಡೆಹಿಡಿದ ಪತ್ರಗಳನ್ನು ಸ್ಪ್ಯಾಮ್ ಫೋಲ್ಡರ್‌ನಲ್ಲಿ ನೋಡಬಹುದು. ಹೊರಹೋಗುವ ಅಂಚೆಯ ವಿಷಯದಲ್ಲಿ ಇಂತಹ ಅನುಕೂಲವಿಲ್ಲ. ಪತ್ರ ಕಳುಹಿಸಿದವರು ಅದು ತಲುಪಿದೆಯೆಂದು ನಂಬಿರುತ್ತಾರೆ, ಪಡೆಯಬೇಕಾದವರಿಗೆ ಅಂತಹ ಪತ್ರವೊಂದು ಹೊರಟಿತ್ತೆಂಬುದೇ ತಿಳಿದಿರುವುದಿಲ್ಲ. ಉದ್ಯೋಗದ ಅರ್ಜಿ, ನ್ಯಾಯಾಲಯದ ಗಡುವಿಗೆ ಸಂಬಂಧಿಸಿದ ದಾಖಲೆ ಮೊದಲಾದವು ಹೀಗೆ ಕಾಣೆಯಾದಾಗ ಹೊಣೆ ಯಾರದೆಂದು ನಿರ್ಧರಿಸುವುದು ಕಷ್ಟ.

ಹಿನ್ನೆಲೆ

ಇ-ಮೇಲ್ ಸಾಗಣೆಗೆ ಬಳಸುವ ಎಸ್‌ಎಂಟಿಪಿ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ ಅವರು 1982ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 821 ಎಂಬ ದಾಖಲೆಯಲ್ಲಿ ಪ್ರಕಟಿಸಿದರು. ಅದರಂತೆ ಯಾವುದೇ ಗಣಕವು ಇನ್ನೊಂದು ಗಣಕದ 25ನೆಯ ಪೋರ್ಟ್‌ಗೆ ಸಂಪರ್ಕ ಸಾಧಿಸಿ ಪತ್ರ ಒಪ್ಪಿಸಬಹುದಾಗಿತ್ತು. ಕಳುಹಿಸುವವರ ಗುರುತನ್ನು ದೃಢಪಡಿಸಿಕೊಳ್ಳುವ ಏರ್ಪಾಡು ಅದರಲ್ಲಿ ಇರಲಿಲ್ಲ. ಪರಸ್ಪರ ಪರಿಚಿತರಾದ ಸಂಶೋಧಕರ ಜಾಲಕ್ಕೆ ಅದರ ಅಗತ್ಯವೂ ಕಾಣಲಿಲ್ಲ. ಆದರೂ ಅರ್ಪಾನೆಟ್‌ನಲ್ಲಿ 1978ರ ಮೇ ತಿಂಗಳಲ್ಲೇ ಸುಮಾರು 400 ಮಂದಿಗೆ ಗಣಕಗಳ ಮಾರಾಟದ ಜಾಹೀರಾತೊಂದು ಹೋಗಿತ್ತು ಎಂಬುದು ಗಮನಾರ್ಹ.

2003ರ ಸೋಬಿಗ್‌ನಂತಹ ಕುತಂತ್ರಾಂಶಗಳು ಮನೆಗಳ ಗಣಕಗಳನ್ನೇ ಸ್ಪ್ಯಾಮ್ ಕಳುಹಿಸುವ ಯಂತ್ರಗಳನ್ನಾಗಿ ಮಾರ್ಪಡಿಸಿದವು. ಇದಕ್ಕೆ ಪ್ರತಿಯಾಗಿ ಪತ್ರ ಪಡೆಯುವ ಕಡೆಯ ಸರ್ವರ್‌ಗಳು ಐಪಿ ವಿಳಾಸಗಳ ಕಪ್ಪುಪಟ್ಟಿಗಳನ್ನು ಹೆಚ್ಚಾಗಿ ನೆಚ್ಚತೊಡಗಿದವು. ಸೇವಾ ಸಂಸ್ಥೆಯೊಂದರ ವಿಳಾಸಗಳು ಸಾಮೂಹಿಕವಾಗಿ ಇಂತಹ ಪಟ್ಟಿಗೆ ಸೇರಿದರೆ ಅದರ ನಿರಪರಾಧಿ ಗ್ರಾಹಕರ ಪತ್ರಗಳೂ ತಿರಸ್ಕೃತವಾಗುತ್ತವೆ. ಸಂಸ್ಥೆಗಳು ತಮ್ಮ ಗ್ರಾಹಕರ ಅಂಚೆಯ ಮೇಲೆ ತಾವೇ ಕಣ್ಣಿಡಲು ಇದೇ ಮುಖ್ಯ ಕಾರಣ.

ವಿಧಾನಗಳು

ಅತ್ಯಂತ ಸರಳವಾದುದು 25ನೆಯ ಪೋರ್ಟನ್ನು ಮುಚ್ಚುವುದು. ಇದು ಒರಟು ಕ್ರಮವಾದರೂ ಪ್ರಾಮಾಣಿಕವಾದುದು. ಸಂಪರ್ಕವೇ ಸಿಗದ ಕಾರಣ ಬಳಕೆದಾರರಿಗೆ ದೋಷಸೂಚನೆ ಕಾಣುತ್ತದೆ. ಪರ್ಯಾಯವಾಗಿ 587ನೆಯ ಪೋರ್ಟ್ ಇದೆ. 1998ರ ಡಿಸೆಂಬರ್‌ನ ಆರ್‌ಎಫ್‌ಸಿ 2476 ಅದನ್ನು ಪತ್ರ ಸಲ್ಲಿಕೆಗೆಂದೇ ಮೀಸಲಿರಿಸಿತು. ಅಲ್ಲಿ ಗುಪ್ತಪದ ನೀಡಿ ತಮ್ಮ ಅಂಚೆ ಸೇವೆಯ ಮೂಲಕವೇ ಪತ್ರ ಕಳುಹಿಸಬಹುದು.

ಎರಡನೆಯ ವಿಧಾನದಲ್ಲಿ ಸಂಪರ್ಕವನ್ನು ತಡೆಯುವ ಬದಲು ಗ್ರಾಹಕರಿಗೆ ತಿಳಿಯದಂತೆ ತಿರುಗಿಸಲಾಗುತ್ತದೆ. ಬಳಕೆದಾರರು ತಮ್ಮ ಕಚೇರಿಯ ಸರ್ವರ್‌ನೊಡನೆ ಮಾತನಾಡುತ್ತಿದ್ದೇವೆಂದು ಭಾವಿಸಿದರೂ ಉತ್ತರಿಸುತ್ತಿರುವುದು ಸೇವಾ ಸಂಸ್ಥೆಯ ಸರ್ವರ್. ಇದಕ್ಕೆ ಹತ್ತಿರವಾದ ಇನ್ನೊಂದು ಕ್ರಮವೆಂದರೆ, ಸಂಭಾಷಣೆಯ ಆರಂಭದಲ್ಲಿ ಗೂಢಲಿಪೀಕರಣಕ್ಕೆ ಅವಕಾಶ ಕೊಡುವ ಸ್ಟಾರ್ಟ್‌ಟಿಎಲ್‌ಎಸ್ ಎಂಬ ಸೂಚನೆಯನ್ನು ಮಧ್ಯದಲ್ಲೇ ಅಳಿಸುವುದು. ಆಗ ಪತ್ರವು ಅಂಚೆ ಕಾರ್ಡಿನಂತೆ ಯಾರಾದರೂ ಓದಬಹುದಾದ ರೂಪದಲ್ಲಿ ಸಾಗುತ್ತದೆ. 2014ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಈ ಪದ್ಧತಿಯ ಕಡೆಗೆ ಸಾರ್ವಜನಿಕರ ಗಮನ ಸೆಳೆಯಿತು.

ಮೂರನೆಯದು ಪತ್ರದ ಒಡಲನ್ನೇ ಪರಿಶೀಲಿಸುವುದು. ಪದಗಳು, ಕೊಂಡಿಗಳು ಹಾಗೂ ಲಗತ್ತುಗಳ ಆಧಾರದ ಮೇಲೆ ತಂತ್ರಾಂಶವು ಅಂಕ ನೀಡುತ್ತದೆ. ನಿಗದಿತ ಮಿತಿ ಮೀರಿದ ಪತ್ರವನ್ನು ಏನು ಮಾಡಬೇಕೆಂಬಲ್ಲಿಯೇ ವಿವಾದ ಹುಟ್ಟುತ್ತದೆ.

ಸದ್ದಿಲ್ಲದೆ ಅಳಿಸುವಿಕೆ

ಎಸ್‌ಎಂಟಿಪಿ ಸಂಭಾಷಣೆಯಲ್ಲಿ ಸರ್ವರ್ ಪ್ರತಿ ಹಂತಕ್ಕೂ ಅಂಕೆಯ ರೂಪದಲ್ಲಿ ಉತ್ತರಿಸುತ್ತದೆ. ಐದರಿಂದ ಆರಂಭವಾಗುವ ಸಂಖ್ಯೆಯು ಶಾಶ್ವತ ತಿರಸ್ಕಾರವನ್ನು ಸೂಚಿಸುತ್ತದೆ. ಪತ್ರದ ಕೊನೆಯಲ್ಲಿ 250 ಎಂದು ಉತ್ತರ ಬಂದರೆ ಪತ್ರದ ಹೊಣೆಯನ್ನು ಸರ್ವರ್ ವಹಿಸಿಕೊಂಡಿತೆಂದು ಅರ್ಥ. ಅನಂತರ ಅದು ಪತ್ರವನ್ನು ತಲುಪಿಸಬೇಕು, ಇಲ್ಲವೇ ತಲುಪಿಸಲಾಗಲಿಲ್ಲವೆಂದು ತಿಳಿಸಬೇಕು. ಸದ್ದಿಲ್ಲದೆ ಅಳಿಸುವ ಸರ್ವರ್ 250 ಎಂದು ಹೇಳಿ ಪತ್ರವನ್ನು ಎಸೆಯುತ್ತದೆ. ಅಂಚೆ ಕಚೇರಿಯ ಕಿಟಕಿಯಲ್ಲಿ ರಸೀದಿ ಕೊಟ್ಟು ಲಕೋಟೆಯನ್ನು ಕಸದ ಬುಟ್ಟಿಗೆ ಹಾಕಿದಂತೆ ಇದು.

2008ರ ಅಕ್ಟೋಬರ್‌ನ ಆರ್‌ಎಫ್‌ಸಿ 5321 ಈ ಪದ್ಧತಿಯನ್ನು ಪೂರ್ಣವಾಗಿ ನಿಷೇಧಿಸುವುದಿಲ್ಲ. ಆದರೆ ಇದು ಅತ್ಯಂತ ಅಪಾಯಕಾರಿಯೆಂದೂ, ಪತ್ರವು ತಲುಪುತ್ತದೆ ಇಲ್ಲವೇ ಮರಳುತ್ತದೆ ಎಂಬ ದೀರ್ಘ ಸಂಪ್ರದಾಯಕ್ಕೆ ವಿರುದ್ಧವೆಂದೂ ಎಚ್ಚರಿಸುತ್ತದೆ. ಪತ್ರವು ಗಂಭೀರ ವಂಚನೆಯದು ಅಥವಾ ಬೇರೆ ರೀತಿಯಲ್ಲಿ ಅನುಚಿತವಾದುದು ಎಂಬ ಬಲವಾದ ಖಾತರಿ ಇರುವಾಗ ಮಾತ್ರ ಇದನ್ನು ಪರಿಗಣಿಸಬೇಕೆಂಬುದು ಅದರ ನಿಲುವು.

ಸೇವಾ ಸಂಸ್ಥೆಗಳ ಪರವಾಗಿ ಎರಡು ವಾದಗಳಿವೆ. ಸ್ಪ್ಯಾಮ್‌ನ ಕಳುಹಿಸುವವರ ವಿಳಾಸ ಸಾಮಾನ್ಯವಾಗಿ ನಕಲಿಯಾದುದರಿಂದ, ಹಿಂದಿರುಗಿಸಿದ ಸೂಚನೆಯು ಸಂಬಂಧವಿಲ್ಲದ ಮೂರನೆಯವರಿಗೆ ಹೋಗಿ ಬೀಳುತ್ತದೆ. ಅಲ್ಲದೆ, ಏನನ್ನು ತಡೆಯಲಾಗುತ್ತಿದೆಯೆಂದು ತಿಳಿದರೆ ಸ್ಪ್ಯಾಮ್ ಕಳುಹಿಸುವವರು ಪದಗಳನ್ನು ಬದಲಿಸಿಕೊಳ್ಳುತ್ತಾರೆ. ಒಳಬರುವ ಅಂಚೆಗೆ ಈ ವಾದಗಳಲ್ಲಿ ಹುರುಳಿದೆ. ಹೊರಹೋಗುವ ಅಂಚೆಗೆ ಮೊದಲನೆಯದು ಅಷ್ಟಾಗಿ ಅನ್ವಯಿಸದು. ಗ್ರಾಹಕರು ಯಾರೆಂಬುದು ಸಂಸ್ಥೆಗೆ ಗೊತ್ತಿರುತ್ತದೆ. ಸಂಭಾಷಣೆ ನಡೆಯುತ್ತಿರುವಾಗಲೇ ತಿರಸ್ಕಾರದ ಸಂಖ್ಯೆ ನೀಡಿದರೆ ಪ್ರತ್ಯೇಕ ಸೂಚನೆ ಕಳುಹಿಸುವ ಪ್ರಮೇಯವೇ ಬರುವುದಿಲ್ಲ.

ಅಂತರಜಾಲ ಸಂಪರ್ಕ ನೀಡುವವರಷ್ಟೇ ಅಲ್ಲದೆ ಇ-ಮೇಲ್ ಸೇವೆಗಳೂ ಹೀಗೆ ಮಾಡಿರುವುದುಂಟು. ಆಪಲ್‌ನ ಐಕ್ಲೌಡ್ ಸೇವೆಯು ಅಶ್ಲೀಲ ತಾಣಗಳ ಜಾಹೀರಾತುಗಳಲ್ಲಿ ಕಾಣುವ ಪದಗುಚ್ಛವೊಂದಿದ್ದ ಪತ್ರಗಳನ್ನು ಸೂಚನೆಯಿಲ್ಲದೆ ಕೈಬಿಡುತ್ತಿತ್ತೆಂದು 2012–13ರಲ್ಲಿ ತಂತ್ರಜ್ಞಾನ ಪತ್ರಿಕೆಗಳು ವರದಿ ಮಾಡಿದವು. ಪ್ರಕರಣ ಹೊರಬಿದ್ದುದು ಲಗತ್ತಿಸಿ ಕಳುಹಿಸಿದ ಚಿತ್ರಕಥೆಯೊಂದು ತಲುಪದೆ ಹೋದಾಗ.

ವಿವಿಧ ದೇಶಗಳಲ್ಲಿ

ಅಮೆರಿಕದ ಕಾಮ್‌ಕ್ಯಾಸ್ಟ್ 2004ರಲ್ಲಿ ಸ್ಪ್ಯಾಮ್ ಹೊರಡುತ್ತಿದ್ದ ಗ್ರಾಹಕರ 25ನೆಯ ಪೋರ್ಟನ್ನು ಮುಚ್ಚತೊಡಗಿತು. ಬ್ರೆಜಿಲ್‌ನ ಅಂತರಜಾಲ ನಿರ್ವಹಣಾ ಸಮಿತಿಯು 2009ರಲ್ಲಿ ಇದೇ ಕ್ರಮವನ್ನು ಮನೆಬಳಕೆಯ ಜಾಲಗಳಿಗೆ ಶಿಫಾರಸು ಮಾಡಿತು. ಜಪಾನಿನ ಅನುಭವ ಹೆಚ್ಚು ಉಪಯುಕ್ತ. ಅಲ್ಲಿನ ದೂರಸಂಪರ್ಕ ವ್ಯವಹಾರ ಕಾಯ್ದೆಯ 4ನೆಯ ವಿಧಿ ಸಂವಹನದ ಗೋಪ್ಯತೆಯನ್ನು ರಕ್ಷಿಸುವುದರಿಂದ, 2005ರ ಸುಮಾರಿಗೆ ಪೋರ್ಟ್ ತಡೆಯನ್ನು ತರುವಾಗ ಅದು ಗೋಪ್ಯತೆಯ ಉಲ್ಲಂಘನೆಯೇ ಎಂಬ ಪ್ರಶ್ನೆ ಎದುರಾಯಿತು. ಜಾಲದ ನಿರ್ವಹಣೆಗೆ ಅಗತ್ಯವಾದ ನ್ಯಾಯಸಮ್ಮತ ವ್ಯವಹಾರವೆಂಬ ನೆಲೆಯಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು.

ಜರ್ಮನಿಯ ದಂಡಸಂಹಿತೆಯ 206ನೆಯ ಕಲಮು ತನಗೆ ಒಪ್ಪಿಸಿದ ಅಂಚೆಯನ್ನು ಅನಧಿಕೃತವಾಗಿ ತಡೆಹಿಡಿಯುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ವಿಶ್ವವಿದ್ಯಾಲಯವೊಂದು ತನ್ನ ಮಾಜಿ ಉದ್ಯೋಗಿಯ ಇ-ಮೇಲ್‌ಗಳನ್ನು ತಡೆದ ಪ್ರಕರಣದಲ್ಲಿ ಕಾರ್ಲ್ಸ್‌ರೂಹೆಯ ಉಚ್ಚ ಪ್ರಾದೇಶಿಕ ನ್ಯಾಯಾಲಯವು 2005ರ ಜನವರಿ 10ರಂದು ಈ ಕಲಮು ಇ-ಮೇಲ್‌ಗೂ ಅನ್ವಯಿಸಬಹುದೆಂದು ಹೇಳಿತು. ವೈರಸ್‌ನಂತಹ ಅಪಾಯವನ್ನು ತಡೆಯುವ ಶೋಧನೆ ಮಾತ್ರ ಸಮರ್ಥನೀಯವಾಗಬಹುದೆಂಬ ವಿನಾಯಿತಿಯನ್ನೂ ಅದು ಗುರುತಿಸಿತು. ಭಾರತದಲ್ಲಿ 2018ರ ಜಾಲ ತಟಸ್ಥತೆಯ ಚೌಕಟ್ಟು ಸೇವಾ ಸಂಸ್ಥೆಗಳ ತಾರತಮ್ಯವನ್ನು ನಿರ್ಬಂಧಿಸಿದರೂ ಸಮಂಜಸವಾದ ಸಂಚಾರ ನಿರ್ವಹಣೆಗೆ ಅವಕಾಶ ನೀಡುತ್ತದೆ.

ಪತ್ತೆಹಚ್ಚುವುದು

ಒಂದೇ ಪತ್ರವನ್ನು ಬೇರೆ ಬೇರೆ ಸೇವೆಗಳಲ್ಲಿರುವ ತಮ್ಮದೇ ಖಾತೆಗಳಿಗೆ ಕಳುಹಿಸಿ ನೋಡುವುದು ಸುಲಭದ ಪರೀಕ್ಷೆ. ಎಲ್ಲಿಗೂ ತಲುಪದಿದ್ದರೆ ಕೊಂಡಿ ಅಥವಾ ಲಗತ್ತನ್ನು ತೆಗೆದು ಮತ್ತೆ ಕಳುಹಿಸಬೇಕು. ಆಗ ತಲುಪಿದರೆ ಶೋಧನೆ ಕಳುಹಿಸುವ ಕಡೆಯಲ್ಲೇ ನಡೆಯುತ್ತಿರುವ ಸಂಭವ ಹೆಚ್ಚು. ತಲುಪಿದ ಪತ್ರದ ಶಿರೋಭಾಗದಲ್ಲಿರುವ ‘ರಿಸೀವ್ಡ್’ ಸಾಲುಗಳು ಅದು ಸಾಗಿದ ಸರ್ವರ್‌ಗಳನ್ನು ತೋರಿಸುತ್ತವೆ, ಅಪರಿಚಿತ ಸರ್ವರ್ ನಡುವೆ ಬಂದಿದ್ದರೆ ಅಲ್ಲಿ ಕಾಣಬಹುದು. 465 ಅಥವಾ 587ನೆಯ ಪೋರ್ಟಿನಲ್ಲಿ ಗೂಢಲಿಪೀಕರಣವನ್ನು ಕಡ್ಡಾಯವಾಗಿಸಿ ಬೇರೊಂದು ಅಂಚೆ ಸೇವೆಯನ್ನು ಬಳಸಿದರೆ ಸಂಪರ್ಕ ನೀಡುವ ಸಂಸ್ಥೆಗೆ ಪತ್ರದ ಒಡಲು ಕಾಣುವುದಿಲ್ಲ. ಆದರೆ ಆ ಅಂಚೆ ಸೇವೆಯವರೇ ನಡೆಸುವ ಶೋಧನೆಯನ್ನು ಇದು ತಪ್ಪಿಸಲಾರದು.