ಸೆಕೆಯೂ ಝಳವೂ

ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಎರಡು ದಿನ ಕಳೆದು ಮಂಗಳೂರಿಗೆ ಹೋಗಿ ನೋಡಿ. ಅಲ್ಲಿ 42 ಡಿಗ್ರಿ ಇದ್ದರೆ ಇಲ್ಲಿ 34. ಆದರೂ ರೈಲಿಳಿದು ಹತ್ತು ಹೆಜ್ಜೆ ಇಡುವುದರೊಳಗೆ ಅಂಗಿ ಬೆನ್ನಿಗೆ ಅಂಟಿರುತ್ತದೆ, ಗದ್ದದಿಂದ ಬೆವರು ತೊಟ್ಟಿಕ್ಕುತ್ತಿರುತ್ತದೆ. ಕಲಬುರಗಿಯಲ್ಲಿ ಅದೇ ಅಂಗಿ ಒಣಗಿಕೊಂಡೇ ಇತ್ತು. ಸಂಜೆ ಬಿಚ್ಚಿದಾಗ ಮಾತ್ರ ಬೆನ್ನಿನ ಭಾಗದಲ್ಲಿ ಉಪ್ಪಿನ ಬಿಳಿ ಗೆರೆಗಳು, ಯಾರೋ ನಕಾಶೆ ಬರೆದ ಹಾಗೆ. ಅಲ್ಲೂ ಧಾರಾಳವಾಗಿ ಬೆವರಿದ್ದೆವು. ಹುಟ್ಟಿದ ಬೆವರು ಹುಟ್ಟಿದಲ್ಲೇ ಆರಿಹೋಗಿತ್ತು. ಬಯಲುಸೀಮೆಯ ‘ಝಳ’ಕ್ಕೂ ಕರಾವಳಿಯ ‘ಸೆಕೆ’ಗೂ ಇರುವ ವ್ಯತ್ಯಾಸ ಇದೇ. ಥರ್ಮಾಮೀಟರಿಗೆ ತಿಳಿಯದ್ದು ನಮ್ಮ ಮಾತಿಗೆ ತಿಳಿದಿದೆ.

ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಹೆಚ್ಚುಕಡಿಮೆ 100 ವ್ಯಾಟಿನ ಹಳೇ ಬಲ್ಬಿನಷ್ಟು ಶಾಖ ಹೊರಡುತ್ತದೆ. ಅದು ಹೊರಹೋಗದಿದ್ದರೆ ನಾವು ಒಳಗಿಂದಲೇ ಬೇಯಬೇಕು. ಮಿದುಳಿನ ತಳದಲ್ಲಿ ಬಾದಾಮಿ ಗಾತ್ರದ ಹೈಪೋಥಲಮಸ್ ಎಂಬ ಭಾಗವಿದೆ. ತನ್ನ ಮೂಲಕ ಹರಿಯುವ ರಕ್ತದ ಬಿಸಿಯನ್ನು ಅದು ಬಿಡುವಿಲ್ಲದೆ ನೋಡುತ್ತಿರುತ್ತದೆ. ಬಿಸಿ ತುಸು ಏರಿದರೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಮುಖ ಕೆಂಪಾಗುತ್ತದೆ. ಆದರೆ ಹೊರಗಿನ ಗಾಳಿಯೇ ಮೈಗಿಂತ ಬಿಸಿಯಾದಾಗ ಈ ಉಪಾಯ ನಡೆಯದು. ಆಗ ಉಳಿಯುವ ದಾರಿ ಬೆವರೊಂದೇ.

ಅದರ ಬಲ ಎಷ್ಟು? ಒಂದು ಲೀಟರ್ ಬೆವರು ಮೈಮೇಲೆಯೇ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಏಳು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರುವಷ್ಟು ಶಾಖ ಅದು! ಮಣ್ಣಿನ ಹೂಜಿಯ ಗುಟ್ಟೂ ಇದೇ. ಜಿನುಗಿದ ನೀರು ಆರಿದರೆ ಒಳಗಿನದು ತಂಪಾಗುತ್ತದೆ. ಮಳೆಗಾಲದಲ್ಲಿ ಆರದು, ತಂಪೂ ಆಗದು. ಗದ್ದದಿಂದ ನೆಲಕ್ಕೆ ಬಿದ್ದ ಬೆವರ ಹನಿಯೂ ಹಾಗೆಯೇ. ದೇಹದ ನೀರು, ಉಪ್ಪು ಎರಡೂ ಖರ್ಚಾದವು, ಕೆಲಸ ಮಾತ್ರ ಆಗಲಿಲ್ಲ.

1774ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಲಾಗ್ಡೆನ್ ಎಂಬ ವೈದ್ಯ ಇದನ್ನು ತನ್ನ ಮೈಮೇಲೆಯೇ ಪರೀಕ್ಷಿಸಿದ. ಒಣಗಾಳಿಯನ್ನು ಸುಮಾರು 127 ಡಿಗ್ರಿಗೆ ಕಾಯಿಸಿದ ಕೋಣೆಯೊಳಗೆ ಹೊಕ್ಕು ಕೆಲ ನಿಮಿಷ ನಿಂತು ಹೊರಬಂದ; ಅವನಿಗೇನೂ ಆಗಲಿಲ್ಲ. ಅದೇ ಬಿಸಿಯಲ್ಲಿ ಇಟ್ಟ ಮೊಟ್ಟೆಗಳು ಇಪ್ಪತ್ತು ನಿಮಿಷದಲ್ಲಿ ಗಟ್ಟಿಯಾಗಿ ಬೆಂದವು. ನನಗೆ ಹಿಡಿಸಿದ್ದು ಅವನ ಇನ್ನೊಂದು ಪುಟ್ಟ ಪ್ರಯೋಗ. ಆ ಕೋಣೆಯಲ್ಲಿ ತೆರೆದಿಟ್ಟ ನೀರು ಕುದಿಯಲಿಲ್ಲ. ಮೇಲೆ ತುಸು ಎಣ್ಣೆ ಹನಿಸಿ ಆವಿಗೆ ತಡೆ ಹಾಕಿದಾಗ ಕೊತಕೊತ ಕುದಿಯಿತು. ಎಣ್ಣೆ ಹಾಕಿದ ನೀರಿನ ಪಾಡೇ ಸೆಕೆಯಲ್ಲಿ ನಮ್ಮದೂ. ಗಾಳಿಯಲ್ಲಿರುವ ತೇವವೇ ಎಣ್ಣೆಯ ಪದರ.

ಬೆವರಿನ ಜೊತೆ ಸೋಡಿಯಂ ಹೋಗುತ್ತದೆ. ರಕ್ತದಲ್ಲಿ ಅದು ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ನೀರು ಕಡಿಮೆಯಾಗಿ ರಕ್ತ ಗಾಢವಾದರೆ ಅದೇ ಹೈಪೋಥಲಮಸ್ ಬಾಯಾರಿಕೆ ಹುಟ್ಟಿಸುತ್ತದೆ, ಹಾರ್ಮೋನೊಂದನ್ನು ಬಿಡಿಸಿ ಮೂತ್ರಪಿಂಡಕ್ಕೆ ನೀರು ಉಳಿಸಲು ಹೇಳುತ್ತದೆ. ಮೂತ್ರ ಹಳದಿಗಟ್ಟುವುದು ಆ ಉಳಿತಾಯದ ಗುರುತು. ದಿನವಿಡೀ ಬೆವರಿದವರು ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ವಿಪರೀತಕ್ಕೆ ಹೋದರೆ ಪ್ರಜ್ಞೆ ತಪ್ಪುವುದೂ ಉಂಟು. ಹೊಲದಿಂದ ಬಂದವರಿಗೆ ಉಪ್ಪು ಹಾಕಿದ ನೀರು ಮಜ್ಜಿಗೆ ಕೊಡುವವರಿಗೆ ಈ ಅಂಕಿಗಳು ಗೊತ್ತಿರಬೇಕಿಲ್ಲ. ಬಿಸಿಲಿನಲ್ಲಿ ಹತ್ತು ಹದಿನಾಲ್ಕು ದಿನ ದುಡಿದ ಮೈ ತಾನೇ ಪಳಗುತ್ತದೆ: ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಿರುತ್ತದೆ.

ಇಂಥ ಹೊಂದಾಣಿಕೆಗೆ 1926ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ‘ಹೋಮಿಯೋಸ್ಟಾಸಿಸ್’ ಎಂದು ಹೆಸರಿಟ್ಟ. ‘ಒಂದೇ’ ಎಂಬರ್ಥದ ಗ್ರೀಕ್ ಪದವನ್ನು ಬಿಟ್ಟು ‘ಹೋಲುವ’ ಎಂಬರ್ಥದ್ದನ್ನು ಬೇಕೆಂದೇ ಆರಿಸಿದ. ಜಾಣತನದ ಆಯ್ಕೆ. ನಮ್ಮ ಮೈಬಿಸಿ 37ಕ್ಕೆ ಮೊಳೆ ಹೊಡೆದು ಕೂತಿಲ್ಲ. ನಸುಕಿನಲ್ಲಿ ಇಳಿದು, ಇಳಿಹೊತ್ತಿಗೆ ಅರ್ಧ ಡಿಗ್ರಿಯೋ ಇನ್ನೂ ತುಸು ಹೆಚ್ಚೋ ಏರಿರುತ್ತದೆ.

ಜ್ವರದಲ್ಲಂತೂ ಗುರಿಯೇ ಬದಲಾಗುತ್ತದೆ. ಸೋಂಕಿನ ಸುದ್ದಿ ಮುಟ್ಟಿದ ಹೈಪೋಥಲಮಸ್ 39 ಬೇಕು ಎಂದುಬಿಡುತ್ತದೆ. ಮೈ ಇನ್ನೂ 37ರಲ್ಲಿರುವುದರಿಂದ ಅದಕ್ಕೆ ಅದೇ ಚಳಿ: ಹಲ್ಲು ಕಟಕಟ, ಸ್ನಾಯುಗಳು ನಡುಗಿ ಶಾಖ ಹುಟ್ಟಿಸುತ್ತವೆ, ರೋಗಿ ಮೇ ತಿಂಗಳಲ್ಲೂ ಕಂಬಳಿ ಕೇಳುತ್ತಾನೆ. ಆಮೇಲೆ ಯಾವಾಗಲೋ ಗುರಿ ಮತ್ತೆ 37ಕ್ಕೆ ಇಳಿಯುತ್ತದೆ, ಮೈ ಮಾತ್ರ 39ರಲ್ಲೇ ಇರುತ್ತದೆ. ರೋಗಿ ಕಂಬಳಿ ಒದ್ದು ಬಿಸಾಡುತ್ತಾನೆ, ಹಣೆಯ ಮೇಲೆ ಮೊದಲ ಹನಿಗಳು ಮೂಡುತ್ತವೆ. ‘ಬೆವರು ಬಂತು, ಇನ್ನು ಜ್ವರ ಬಿಡ್ತು’ ಎಂದು ಪಕ್ಕದಲ್ಲಿ ಕೂತ ಅಜ್ಜಿ ಹಣೆ ಒರೆಸುತ್ತಾಳೆ. ಥರ್ಮಾಮೀಟರ್ ಆಗಿನ್ನೂ 39 ತೋರಿಸುತ್ತಿರುತ್ತದೆ.